ಕಲಾಯಿ ಸಾಹೇಬರ ಅಜಾಯಬ್‌ಖಾನೆ

ಕಲಾಯಿ ಸಾಹೇಬರ ಅಂಗಾಲು ತಿಕ್ಕಿದ ತಂಬಿಗೆಯ ತಳದಂತೆ ಫಳಫಳ ಹೊಳೆಯುತ್ತಿತ್ತು. ದೊಡ್ಡ ಹಂಡೆಗೆ ಕಲಾಯಿ ಹಾಕುವ ಮುಂಚೆ ಅದರೊಳಗೆ ಮರಳು ಸುರಿದು, ತಾವೇ ಇಳಿದು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಪಾದದಿಂದ ತಿಕ್ಕುವುದು ಅವರ ಕಸುಬು. ತಿಕ್ಕಿ ತಿಕ್ಕಿ ನಡಿಗೆಯೂ ಹಾಗೇ ಆಗಿಹೋಗಿತ್ತು. ಬೀದಿಯಲ್ಲಿ ಬರುವಾಗಲೂ ಹಂಡೆಯೊಳಗೇ ಇದ್ದವರಂತೆ ಸೊಂಟ ಆಚೆ ಈಚೆ ಹೊರಳುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತು. ಹೊಸದಾಗಿ ಮದುವೆಯಾದ ನನ್ನನ್ನು ನಲ್ಲೂರಿನ ತವರಿನಿಂದ ಮಾವನವರು ಕರೆದೊಯ್ಯುತ್ತಿದ್ದರು. ಬಸ್ಸು ನ್ಯಾಮತಿಯಲ್ಲಿ ಕೆಮ್ಮಿ ನಿಂತಿತು. ಹೊಗೆ ಕುಡಿದ ಮಾವನವರೂ ಕೆಮ್ಮತೊಡಗಿದರು. ನೀರು ತರಲು ನಮ್ಮ ಹತ್ತಿರ ಪಾತ್ರೆ ಇರಲಿಲ್ಲ. ಯಾರೋ ಚಾವಡಿಯ ಪಕ್ಕದ ಕೋಣೆ ತೋರಿಸಿ, ಸಾಹೇಬರನ್ನು ಕೇಳಿ ಎಂದರು.

ಕಲಾಯಿಗೆಂದು ಮನೆಮನೆ ತಿರುಗುವಾಗ, ಜನ ಮೂಲೆಗೆಸೆದ ಹಳೆಯ ವಸ್ತುಗಳನ್ನು ಕೇಳಿ ತಂದು ಸಾಹೇಬರು ಕೂಡಿಸಿದ್ದ ಕೋಣೆ ಅದು. ಅದನ್ನು ಅವರು ಅಜಾಯಬ್‌ಖಾನೆ, ಅಂದರೆ ವಸ್ತುಸಂಗ್ರಹಾಲಯ, ಎನ್ನುತ್ತಿದ್ದರು. ಮೈಸೂರಿನಲ್ಲಿ ದೊರೆಗಳ ಸಾಮಾನು ಇಟ್ಟಿರುತ್ತಾರಂತೆ, ನ್ಯಾಮತಿಯಲ್ಲಿ ನ್ಯಾಮತಿಯವರದೇ ಇರಲಿ ಎಂಬುದು ಅವರ ವಾದ. ಆದರೆ ನಾನು ಹೋದಾಗ ಹಲಗೆಗಳ ಮೇಲೆ ಇದ್ದದ್ದು ಸೌಟುಗಳು, ಒಂದು ಗಿಲಕಿ, ಯಾರದೋ ರುಮಾಲು, ಒಂಟಿ ಚಪ್ಪಲಿ. ಅಂದು ಊರಿನಲ್ಲಿ ಎರಡು ಮದುವೆಗಳಂತೆ. ಹಂಡೆ, ದೀಪದ ಸಮೆ, ಪನ್ನೀರುದಾನಿ ಎಲ್ಲ ಮದುವೆಮನೆ ಸೇರಿದ್ದವು. ಕೊಟ್ಟವರಿಗೆ ಬೇಕಾದಾಗ ಮರಳಿ ಒಯ್ಯುವ ಹಕ್ಕಿತ್ತು. ಅದಕ್ಕೇ ಸಾಹೇಬರು ಎಲ್ಲದಕ್ಕೂ ಕಲಾಯಿ ಹಾಕಿಯೇ ಇಟ್ಟಿರುತ್ತಿದ್ದರು. ನನ್ನ ಕೈಗೊಂದು ಗಿಂಡಿ ಕೊಟ್ಟು ಕೋಣೆಯ ರಿವಾಜು ಹೇಳಿದರು.

"ಜಾಗ ಖಾಲಿ ಬಿಡಬಾರದು ತಾಯಿ. ಏನು ತಗೊಂಡ್ರೂ ನಿಮ್ಮದೊಂದು ಇಟ್ಟು ಹೋಗ್ರಿ."

ಗಂಟಿನಲ್ಲಿದ್ದ ಕೋಡಿನ ಬಾಚಣಿಗೆ ತೆಗೆದು ಇಟ್ಟೆ. ಅದನ್ನು ನೆಟ್ಟಗೆ ಸರಿಸುತ್ತ ಅವರು ಮತ್ತೆ ಮತ್ತೆ ಬೀದಿಯತ್ತ ನೋಡಿದರು. ಯಾಕೆಂದು ಕೇಳಿದೆ. ಆಗ ತಿಳಿಯಿತು: ಅಂದೇ ಹೊನ್ನಾಳಿಯಿಂದ ಅಮಲ್ದಾರರು ಬರುವವರಿದ್ದರು. ಕೋಣೆ ಚಾವಡಿಗೆ ಸೇರಿದ್ದು; ಅದರಲ್ಲಿ ಹುರುಳಿಲ್ಲ ಎನ್ನಿಸಿದರೆ ಅದು ರೇಷನ್ ಮೂಟೆಗಳ ಪಾಲು. ಇಂಥ ದಿನವೇ ಎಲ್ಲ ಕೊಟ್ಟು ಕೂತಿರಲ್ಲ ಎಂದು ನಾನು ತಡೆಯಲಾರದೆ ಕೇಳಿಬಿಟ್ಟೆ.

"ಅದಕ್ಕಂತ ಮದುವೆ ನಿಲ್ಲಿಸಾಕೆ ಆಗುತ್ತೇನವ್ವ?" ಎಂದರು.

ಮಾವನವರಿಗೆ ನೀರು ಕುಡಿಸಿ ಗಿಂಡಿ ಮರಳಿಸಲು ಬಂದರೆ ಅಮಲ್ದಾರರು ಒಳಗೆ ನಿಂತಿದ್ದರು. ಬೆಳ್ಳಿ ಹಿಡಿಯ ಕೈಕೋಲಿನ ತುದಿಯಿಂದ ನನ್ನ ಬಾಚಣಿಗೆ ಮುಟ್ಟಿ, ಇದು ಯಾವ ಕಾಲದ್ದು ಎಂದು ಗಂಭೀರವಾಗಿ ಕೇಳಿದರು.

"ಇವತ್ತು ಬೆಳಗಿಂದು, ಹುಜೂರ್," ಎಂದರು ಸಾಹೇಬರು.

ನನಗೆ ನಗು ಉಕ್ಕಿ ಬಂತು, ಭಯವೂ ಆಯಿತು. ಅಮಲ್ದಾರರು ಮುಖ ಗಂಟಿಕ್ಕಿ ಬಾಗಿಲ ಕಡೆ ತಿರುಗಿದವರು ಮೂಲೆಯಲ್ಲಿ ನಿಂತುಬಿಟ್ಟರು. ಅಲ್ಲಿ ಕುದುರೆಯ ಆಕಾರದ ಒಂದು ಅಡಕತ್ತರಿ ಉಳಿದಿತ್ತು. ಅದನ್ನು ಕೈಗೆತ್ತಿಕೊಂಡು ಎರಡು ಸಲ ಬಿಚ್ಚಿ ಮುಚ್ಚಿದರು. ತಮ್ಮ ತಾಯಿಯ ಹತ್ತಿರ ಇಂಥದೇ ಇತ್ತು, ಕಳೆದುಹೋದಾಗ ಆಕೆ ಅತ್ತಿದ್ದರು ಎಂದರು. ಒಮ್ಮೆ ಒಯ್ದು ತೋರಿಸಬಹುದೇ ಎಂದು ಕೇಳುವಾಗ ದನಿಯಲ್ಲಿ ಅಮಲ್ದಾರಿಕೆ ಇರಲಿಲ್ಲ. ಸಾಹೇಬರು ಅವರಿಗೂ ಅದೇ ರಿವಾಜು ಹೇಳಿದರು. ಅಮಲ್ದಾರರು ಜೇಬು ತಡಕಿದರು, ಆಚೆ ಈಚೆ ನೋಡಿದರು, ಕೊನೆಗೆ ಕೈಕೋಲನ್ನು ಆ ಜಾಗದಲ್ಲಿ ಒರಗಿಸಿ ಹೊರಟುಹೋದರು. ನಾನು ಗಿಂಡಿ ಇಟ್ಟು ನನ್ನ ಬಾಚಣಿಗೆ ವಾಪಸು ತೆಗೆದುಕೊಂಡೆ.

ಅಡಕತ್ತರಿ ಮರಳಿ ಬರಲಿಲ್ಲ. ಕೇಳಿ ತರಿಸಿರಿ ಎಂದವರಿಗೆ ಸಾಹೇಬರು ನಕ್ಕು ತಲೆಯಾಡಿಸುತ್ತಿದ್ದರಂತೆ. ಅಮಲ್ದಾರರ ಕೈಕೋಲು ನಿಂತ ಕೋಣೆಗೆ ಮೂಟೆ ಇಳಿಸುವ ಗಂಡಸು ಯಾರಿದ್ದ?

ಆಮೇಲೆ ತವರಿಗೆ ಹೋಗಿಬರುವಾಗಲೆಲ್ಲ ನಾನು ಆ ಕೋಣೆಗೆ ಹೋಗುತ್ತಿದ್ದೆ. ಗೋಡೆಗೆ ತೂಗುಹಾಕಿದ್ದ ಒಂದೇ ಕತ್ತಿಗೆ ಅವರು ಸಲಕ್ಕೊಂದು ಕಥೆ ಹೇಳುತ್ತಿದ್ದರು, ಎಲ್ಲವೂ ಚೆನ್ನಾಗಿರುತ್ತಿದ್ದವು. ಹಳೆಯ ಕತ್ತಿ ಇಷ್ಟು ಮಿಂಚುತ್ತದೆಯೇ ಎಂದು ಒಮ್ಮೆ ಕೆಣಕಿದೆ. ವಯಸ್ಸಾಯಿತೆಂದು ಅಜ್ಜಿಗೆ ಸ್ನಾನ ಮಾಡಿಸದೆ ಬಿಡುತ್ತೀರಾ ಎಂದು ನನ್ನನ್ನೇ ಕೇಳಿದರು. ನಮ್ಮ ಮನೆಯ ಅಟ್ಟದಲ್ಲಿ ಇಂದಿಗೂ ಒಂದು ಪಾತ್ರೆಯೂ ಕಿಲುಬು ಹಿಡಿದಿಲ್ಲ. ಅದು ಅವರ ಋಣ.

ಯುದ್ಧ ಮುಗಿದ ಮೇಲೊಂದು ಸಲ ಹೋದಾಗ ಬಾಗಿಲಲ್ಲಿ ಅವರ ಹೆಂಡತಿ ಕೂತಿದ್ದರು. ಸಾಹೇಬರು ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅವರು ಕೂರುತ್ತಿದ್ದ ಚಾಪೆಯ ಮೇಲೆ ಸೌಟು, ಲೋಟ, ಗಿಲಕಿ, ಎಲೆಯಡಿಕೆಯ ಸಂಚಿ, ಒಂದು ಹೊಸ ರುಮಾಲು ರಾಶಿ ಬಿದ್ದಿದ್ದವು. ಇದೇನೆಂದು ಕೇಳಿದೆ.

"ಅವರನ್ನ ತಗೊಂಡು ಹೋದೋನು ಆ ಜಾಗದಾಗೆ ಏನೂ ಇಡಲಿಲ್ಲ ನೋಡವ್ವ. ಅದಕ್ಕೆ ಊರೋರೇ ತಂದು ಇಟ್ಟಾರೆ."

ಅಳು ಬರಬೇಕಾದಲ್ಲಿ ನಗು ಬಂತು, ನಗುತ್ತಲೇ ಅತ್ತೆ. ಗಂಟು ಬಿಚ್ಚಿ ಅದೇ ಕೋಡಿನ ಬಾಚಣಿಗೆ ತೆಗೆದು ಸೌಟುಗಳ ನಡುವೆ ಇಟ್ಟೆ. ಅದನ್ನು ನಾನು ವಾಪಸು ಕೇಳಿಲ್ಲ.