ಪಕ್ಕದ ಡಬ್ಬಿಯ ಫ್ಯೂಜು

ನನ್ನ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆ ಅನುಕೂಲ. ಒಂದು ವಿಶ್ವವಿದ್ಯಾಲಯದ ಕರೆಂಟು ಮತ್ತು ನೀರು ಎರಡೂ ನನ್ನ ಕೊರಳಿಗೆ ಬಿದ್ದು ಬಹಳ ವರ್ಷಗಳಾದವು. ರಾಯಚೂರಿನಲ್ಲಿ ಮುಖ್ಯ ಆವರಣ, ಮಾನ್ವಿಯಲ್ಲಿ ಒಂದು ಸಣ್ಣ ಕೇಂದ್ರ, ದೇವದುರ್ಗದಲ್ಲಿ ಇನ್ನೊಂದು. ಮೂರು ಕಡೆಯ ಟ್ರಾನ್ಸ್‌ಫಾರ್ಮರು, ಪಂಪು, ಜನರೇಟರು, ಹಾಸ್ಟೆಲಿನ ಫ್ಯಾನು ಎಲ್ಲಕ್ಕೂ ನಾನೇ ಹಿರಿಯ ಇಂಜಿನಿಯರು. ಕರೆಂಟು ಇದ್ದಾಗ ಯಾರಿಗೂ ನನ್ನ ನೆನಪಿರುವುದಿಲ್ಲ. ಹೋದಾಗ ದೊಡ್ಡ ಸಾಹೇಬರಿಂದ ಹಿಡಿದು ಹಾಸ್ಟೆಲ್ ಹುಡುಗಿಯರ ತನಕ ಎಲ್ಲರ ಬಾಯಲ್ಲೂ ನಾನೇ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನು ನಿಂತರೆ ಮನುಷ್ಯರಿಗೆ ಮರ್ಯಾದೆ ಮರೆತುಹೋಗುತ್ತದೆ, ಅದರಲ್ಲಿ ಅವರ ತಪ್ಪೂ ಇಲ್ಲ. ನಾನೂ ಬೈಸಿಕೊಂಡು ಸುಮ್ಮನಿರುವವಳಲ್ಲ. ಮೇಲಿನಿಂದ ಬಂದದ್ದನ್ನು ದುಪ್ಪಟ್ಟು ಮಾಡಿ ಕೆಳಗೆ ದಾಟಿಸುತ್ತಿದ್ದೆ.

ನಾನು ಹಟ ಹಿಡಿದು ತಂದ ಪದ್ಧತಿ ಒಂದೇ ಒಂದು. ಪ್ರತಿ ಲೈನಿಗೂ ಬುಡದಲ್ಲಿ ಒಂದು ತಗಡಿನ ಡಬ್ಬಿ ಇರುತ್ತದೆ, ಅದರೊಳಗೆ ಪಿಂಗಾಣಿ ಹಿಡಿಕೆಯ ಮೂರು ಫ್ಯೂಜು. ಕಂಬಕ್ಕೆ ಏಣಿ ಹಚ್ಚುವವನು ಮೊದಲು ಆ ಮೂರನ್ನೂ ಕಿತ್ತು ತನ್ನ ಸೊಂಟದ ಚೀಲಕ್ಕೆ ಹಾಕಿಕೊಳ್ಳಬೇಕು. ಇಳಿದು ಬಂದು ತನ್ನ ಕೈಯಾರೆ ತಿರುಗಿ ಹಾಕಬೇಕು. ಫ್ಯೂಜು ಅವನ ಸೊಂಟದಲ್ಲಿದ್ದರೆ ಅವನ ಜೀವವೂ ಅವನ ಹತ್ತಿರವೇ ಇದ್ದ ಹಾಗೆ. ಡಬ್ಬಿಗಳಿಗೆ ಬೀಗ ಬೇಕೆಂದು ಕೇಳಿ ಕೇಳಿ ನನ್ನ ನಾಲಿಗೆ ಸವೆದಿತ್ತು. ಬರುವ ವರ್ಷ ನೋಡೋಣ ಎಂಬ ಮಾತು ಪ್ರತಿ ವರ್ಷವೂ ಬರುತ್ತಿತ್ತು, ಬೀಗ ಮಾತ್ರ ಬರುತ್ತಿರಲಿಲ್ಲ.

ದೇವದುರ್ಗದ ಲೈನ್‌ಮನ್ ಈ ಪದ್ಧತಿಯನ್ನು ಪೂಜೆಯ ಹಾಗೆ ನಡೆಸುತ್ತಿದ್ದ. ಕುರಿ ಕಾಯುವ ಮನೆಯಿಂದ ಬಂದವನು, ಸಾವಕಾಶದ ಮನುಷ್ಯ. ಫ್ಯೂಜು ಕಿತ್ತ ಮೇಲೂ ಟೆಸ್ಟರ್ ಹಿಡಿದು ನೋಡುತ್ತಿದ್ದ, ನೋಡಿದ ಮೇಲೆ ಇನ್ನೊಮ್ಮೆ ನೋಡುತ್ತಿದ್ದ. ನನಗೋ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಏನಪಾ, ನೀ ಇಷ್ಟು ನಿಧಾನ ಮಾಡಿದ್ರ ಹಾಸ್ಟೆಲ್ ಹುಡುಗ್ಯಾರು ನನ್ನ ಹುರದು ತಿಂತಾರ" ಎಂದು ಒಮ್ಮೆ ರೇಗಿದ್ದೆ.

"ತಿನ್ಲಿ ಬಿಡ್ರಿ ಮೇಡಂ. ನೀವು ಅಷ್ಟು ಜಲ್ದಿ ಬೇಯಂಗಿಲ್ಲ" ಎಂದ, ಮುಖ ಒಂಚೂರೂ ಕದಲಿಸದೆ. ಸುತ್ತಲಿದ್ದವರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಕೊನೆಗೆ ನಾನೇ ನಕ್ಕೆ.

ಅಲ್ಲಿನ ಪಂಪ್ ಆಪರೇಟರ್ ಅವನ ತಂಗಿಯ ಗಂಡ. ಕೆಲಸಕ್ಕೆ ಹಚ್ಚಿರಿ ಎಂದು ಇವನೇ ನನ್ನ ಮುಂದೆ ನಿಂತು ಕೇಳಿದ್ದ. ಆತ ಒಳ್ಳೆಯವನೇ, ಆದರೆ ಅವಸರದವನು, ಯಾರಾದರೂ ಎರಡು ಮಾತು ಜೋರು ಮಾಡಿದರೆ ಕೈಕಾಲು ಬಿಡುವವನು. ಪಂಪ್‌ಹೌಸಿನ ಗೋಡೆಗೆ ಎರಡು ಡಬ್ಬಿಗಳಿದ್ದವು, ಒಂದೇ ಅಳತೆ, ಒಂದೇ ಬಣ್ಣ. ಒಂದರಿಂದ ಪಂಪಿಗೂ ಹಿಂದಿನ ಹಾಸ್ಟೆಲಿಗೂ ಲೈನು ಹೋಗುತ್ತಿತ್ತು. ಇನ್ನೊಂದು ಅರ್ಧಕ್ಕೆ ನಿಂತ ಒಂದು ಕಟ್ಟಡದ್ದು. ಅದರಿಂದ ಯಾರಿಗೂ ಏನೂ ಹೋಗುತ್ತಿರಲಿಲ್ಲ, ಒಳಗೆ ಫ್ಯೂಜೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಬಿರುಗಾಳಿ ಬೀಸಿ ಹಾಸ್ಟೆಲಿನ ಹಿಂದಿನ ತಂತಿ ಬೇವಿನ ಕೊಂಬೆಗೆ ತಾಗುತ್ತಿತ್ತು. ಲೈನ್‌ಮನ್ ಮುಂಜಾನೆಯ ಊಟ ಮುಗಿಸಿದ ಹುಡುಗಿಯರಿಗೆ ಕರೆಂಟು ತೆಗೆಯುತ್ತೇನೆಂದು ಹೇಳಿ, ಮೂರೂ ಫ್ಯೂಜು ಕಿತ್ತು ಚೀಲಕ್ಕೆ ಹಾಕಿಕೊಂಡು, ಹಿಂದೆ ಹೋಗಿ ಏಣಿ ಹತ್ತಿದ. ಪಂಪಿನವನು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಸಂಬಂಧಿಕರ ಮದುವೆಗೆಂದು ಮಾನ್ವಿಗೆ ಹೋಗಿದ್ದವನು ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಗೇಟಿನಲ್ಲೇ, ಕರೆಂಟು ತೆಗೆದದ್ದು ಗೊತ್ತಿರದ ಇನ್ನೊಂದು ಬ್ಲಾಕಿನ ಹುಡುಗಿಯರು ಖಾಲಿ ಬಕೆಟ್ ಹಿಡಿದು ಅವನನ್ನು ಮುತ್ತಿಕೊಂಡರು. ಮುಖ ತೊಳೆಯಲಿಕ್ಕೂ ನೀರಿಲ್ಲ, ನೀವು ಮದುವೆ ಉಣ್ಣುತ್ತೀರಾ ಎಂದು. ಆತ ಓಡಿ ಹೋಗಿ ಡಬ್ಬಿ ತೆರೆದ. ಒಳಗೆ ಫ್ಯೂಜಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಖಾಲಿ ಡಬ್ಬಿ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಒಂದು ಕಡೆ ಪಿಂಗಾಣಿ ಒಡೆದರೆ ಇನ್ನೊಂದು ಕಡೆಯದನ್ನು ಕಿತ್ತು ಒಯ್ಯುವುದು, ಒಯ್ದ ಜಾಗದಲ್ಲಿ ದಪ್ಪ ತಂತಿ ಸುತ್ತಿ ನೇರವಾಗಿ ಕರೆಂಟು ಹರಿಸಿಬಿಡುವುದು. ಅದಕ್ಕೆ ಡೈರೆಕ್ಟ್ ಕೊಡುವುದು ಎನ್ನುತ್ತಾರೆ. ನಾನು ಎಷ್ಟು ಬೈದರೂ ಈ ಚಾಳಿ ಬಿಟ್ಟಿರಲಿಲ್ಲ. ಖಾಲಿ ಡಬ್ಬಿ ಎಂದರೆ ಮೇಲೆ ಒಬ್ಬ ಮನುಷ್ಯ ಇದ್ದಾನೆ ಎಂದು ನಾನು ಕಲಿಸಿದ್ದೆ. ಖಾಲಿ ಡಬ್ಬಿ ಎಂದರೆ ಯಾವನೋ ಫ್ಯೂಜು ಒಯ್ದಿದ್ದಾನೆ ಎಂದು ಅವರು ವರ್ಷಗಟ್ಟಲೆ ನೋಡಿ ಕಲಿತಿದ್ದರು. ಆತ ತಂತಿ ಸುತ್ತಿದ, ಪಂಪು ಹಚ್ಚಿದ. ನೀರು ಬಂತೆಂದು ಹುಡುಗಿಯರು ಚಪ್ಪಾಳೆ ತಟ್ಟಿದರಂತೆ. ಆ ಸದ್ದಿನಲ್ಲಿ ಹಿಂದಿನಿಂದ ಬಂದ ಕೂಗು ಯಾರಿಗೂ ಕೇಳಲಿಲ್ಲ.

ನಾನು ರಾಯಚೂರಿನ ದವಾಖಾನೆಗೆ ಓಡಿದಾಗ ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಲೈನ್‌ಮನ್‌ನನ್ನು ನೋಡಿದೆ. ಅಂಗೈ ಎರಡೂ ಸುಟ್ಟಿದ್ದವು. ಏಣಿಯಿಂದ ಬೀಳುವಾಗ ಸಿಮೆಂಟಿನ ಕಟ್ಟೆಗೆ ಬೆನ್ನು ಬಡಿದು ಸೊಂಟದ ಕೆಳಗೆ ಸ್ವಾಧೀನವೇ ಇರಲಿಲ್ಲ. ಪಂಪಿನವನು ಆಂಬುಲೆನ್ಸಿನ ಹಿಂದೆಯೇ ಬೈಕಿನಲ್ಲಿ ಬಂದಿದ್ದ. ವರಾಂಡದ ಗೋಡೆಗೆ ಬೆನ್ನು ಹಚ್ಚಿ ಕುಕ್ಕರುಗಾಲಲ್ಲಿ ಕೂತವನು ನನ್ನನ್ನು ಕಂಡದ್ದೇ ತಡ, "ನಾನೇ ರೀ ಮೇಡಂ. ನಾನೇ ಡೈರೆಕ್ಟ್ ಕೊಟ್ಟೆ. ಅವ್ರು ಮ್ಯಾಲದಾರಂತ ನನಗ ಗೊತ್ತಿದ್ದಿಲ್ರಿ" ಎಂದ.

ನರ್ಸುಗಳು ಹೊರಗೆ ಬಂದು ನೋಡುವ ಹಾಗೆ ಬೈದೆ. ಬರೆಯಲಾಗದ ಮಾತುಗಳನ್ನೆಲ್ಲ ಆಡಿದೆ. ಅವನು ಒಂದಕ್ಕೂ ತಲೆ ಎತ್ತಲಿಲ್ಲ. ಇವನನ್ನು ಜೈಲಿಗೆ ಕಳಿಸದೆ ನಾನು ಬಿಡುವವಳಲ್ಲ ಎಂದು ಆ ಗಳಿಗೆಯಲ್ಲಿ ನಿಶ್ಚಯ ಮಾಡಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಲೈನ್‌ಮನ್‌ಗೆ ಮಾತಾಡುವಷ್ಟು ಎಚ್ಚರ ಬಂದಿತ್ತು. ಹೆಂಡತಿ ಚಹಾ ತರಲು ಹೋಗಿದ್ದಳು.

"ಮೇಡಂ, ಜರಾ ಬಾಗಲಾ ಮುಂದ ಮಾಡ್ರಿ" ಎಂದ. ಎಳೆದು ಮುಚ್ಚಿದೆ.

"ತನಿಖಿ ಸಾಹೇಬ್ರು ಬರ್ತಾರಂತಲ್ರಿ. ನಾ ಡಬ್ಬಿ ತಪ್ಪಿ ಪಕ್ಕದ ಡಬ್ಬಿ ಫ್ಯೂಜ್ ಕಿತ್ತೆ ಅಂತ ಹೇಳ್ತೀನಿ. ಪಂಪಿನ ಡಬ್ಬಿಗಿ ಮೊದಲಿಂದನೂ ಡೈರೆಕ್ಟ್ ಇತ್ತು ಅಂತೀನಿ. ಎಲ್ಲಾ ಬರೋಬ್ಬರಿ ಕೂಡ್ತದ."

ನಿಜ, ಎಲ್ಲ ಸರಿಯಾಗಿ ಕೂಡುತ್ತಿತ್ತು. ಪಕ್ಕದ ಡಬ್ಬಿ ಮೊದಲಿಂದಲೂ ಖಾಲಿಯೇ, ಇವನ ಚೀಲದ ಮೂರು ಫ್ಯೂಜು ಅದರವೇ ಎಂದರೆ ಯಾರಾದರೂ ನಂಬುತ್ತಿದ್ದರು. ಪಂಪಿನ ಡಬ್ಬಿಯಲ್ಲಿ ಸುತ್ತಿದ ತಂತಿ ಇನ್ನೂ ಹಾಗೇ ಇತ್ತು. ಮಲಗಿದಲ್ಲೇ ಅಷ್ಟನ್ನೂ ಯೋಚನೆ ಮಾಡಿ ಇಟ್ಟುಕೊಂಡಿದ್ದ.

"ಹುಚ್ಚು ಹಿಡದದೇನು ನಿನಗ?" ಎಂದೆ. "ಕಣ್ಣು ಕಟ್ಟಿ ಬಿಟ್ರೂ ಆ ಡಬ್ಬಿ ಹುಡುಕಾಂವ ನೀನು. ಮಾಡಿದಾಂವ ಹೊರಗ ಕುಂತಾನ. ನಿನ್ನ ಹೆಸರಿಗಿ ಯಾಕ ಮಸಿ ಬಳಕೊಳ್ಳಾಕತ್ತಿ?"

"ಅವ ಒಳಗ ಹೋದ್ರ ನನ್ನ ತಂಗಿ ಬಾಳೇವು ಹಾಳಾಗ್ತದ್ರಿ. ಮಾಡಿದಾಂವ ಗಂಡ, ಬಿದ್ದಾಂವ ಅಣ್ಣ, ಆಕಿ ಯಾರ ಮುಖ ನೋಡಬೇಕು? ನಾ ಇನ್ನ ಕಂಬ ಹತ್ತಂಗಿಲ್ಲ. ನನ್ನ ಹೆಸರು ತಗೊಂಡು ನಾ ಏನ್ ಮಾಡ್ಲಿ?" ಕಷ್ಟಪಟ್ಟು ಉಸಿರು ಎಳೆದುಕೊಂಡ. "ನನ್ನ ಹೆಂಡ್ತಿಗೂ ಹೇಳಬ್ಯಾಡ್ರಿ. ಆಕಿಗಿ ಸಿಟ್ಟು ತಡಿಯಾಕ ಬರಂಗಿಲ್ಲ. ಮಾತು ಕೊಡ್ರಿ ಮೇಡಂ."

ಹಿಡಿದು ಮಾತು ಕೊಡಲು ಅವನಿಗೆ ಕೈಯೇ ಇರಲಿಲ್ಲ, ಬರೀ ಬ್ಯಾಂಡೇಜು. ಮಂಚದ ಕಬ್ಬಿಣ ಹಿಡಿದು ಹೂಂ ಎಂದೆ.

ತನಿಖೆಗೆ ಬಂದ ಅಧಿಕಾರಿ ಸಭ್ಯಸ್ಥ. ಲೈನ್‌ಮನ್ ಹೇಳಿದ್ದನ್ನೆಲ್ಲ ಕೇಳಿ, "ಡಬ್ಬಿ ತಪ್ಪಿದ್ದು ನೀನೇ ಅಲ್ಲೇನಪಾ?" ಎಂದು ಇನ್ನೊಮ್ಮೆ ವಿಚಾರಿಸಿದರು. "ನಾನೇ ರೀ" ಎಂದ. ಅಧಿಕಾರಿ ನನ್ನ ಕಡೆ ತಿರುಗಿದರು. ನಾನೂ ಹೌದು ಎಂದೆ. ಅವರ ಮುಖದಲ್ಲಿ ಕಂಡ ನಿರಾಳವನ್ನು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಬೀಗದ ಮಾತಿಲ್ಲ, ಪಿಂಗಾಣಿಯ ಮಾತಿಲ್ಲ, ಒಬ್ಬ ಲೈನ್‌ಮನ್ ತಪ್ಪು ಮಾಡಿದ, ಮುಗಿಯಿತು. ಮಳೆಗಾಲ ಬರುವುದಕ್ಕೆ ಮುಂಚೆ ಮಲಗಿ ಮಲಗಿ ಬೆನ್ನಿಗೆ ಎದ್ದ ಹುಣ್ಣು ಕೀವಾಗಿ, ಜ್ವರ ಏರಿ, ಅದೇ ದವಾಖಾನೆಯಲ್ಲಿ ಅವನು ತೀರಿಕೊಂಡ.

ಅವನು ಸತ್ತ ಮೇಲೆ ಬೀಗ ಬಂದವು ನೋಡಿ! ಕೇಳದೇ ಬಂದವು. ಡಬ್ಬಿಗಳಿಗೆ ಬೇರೆ ಬೇರೆ ಬಣ್ಣವನ್ನೂ ಹೊಡೆಸಿದರು. ಹೆಂಡತಿಗೆ ದೇವದುರ್ಗದ ಕೇಂದ್ರದಲ್ಲೇ ಕಸ ಗುಡಿಸುವ ಕೆಲಸ ಸಿಕ್ಕಿತು. ಆಮೇಲೆ ಒಂದು ದಿನ ಅಲ್ಲಿನ ಸಭಾಂಗಣದಲ್ಲಿ ಸುರಕ್ಷತೆಯ ತರಗತಿ ಇಟ್ಟರು. ಹೊರಗಿನಿಂದ ಬಂದ ಉಪನ್ಯಾಸಕರು ಗೋಡೆಯ ಮೇಲೆ ಎರಡು ಡಬ್ಬಿಗಳ ಚಿತ್ರ ಬಿಟ್ಟು, "ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಇಂಥ ಬೇಜವಾಬ್ದಾರಿ ತೋರಿದ, ಪ್ರಾಣ ಕಳೆದುಕೊಂಡ, ನೀವು ಹೀಗಾಗಬೇಡಿ" ಎಂದರು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಎದ್ದು ಅವರ ಕೊರಳಪಟ್ಟಿ ಹಿಡಿಯಬೇಕೆನಿಸಿತು. ನೂರು ಸಲ ಬೇಡದ ಕಡೆ ಬಾಯಿ ಹಾಕಿದವಳು ಅವತ್ತು ಹಲ್ಲು ಕಚ್ಚಿ ಕೂತೆ. ಹಿಂದೆ ತಿರುಗಿದಾಗ ಬಾಗಿಲ ಹತ್ತಿರ ಪೊರಕೆ ಹಿಡಿದು ಅವನ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ತರಗತಿ ಮುಗಿದ ಮೇಲೆ ನಾನು ಜೀಪು ಹತ್ತುವಾಗ ಬಂದಳು.

"ಮೇಡಂ, ಒಂದು ಮಾತು ಕೇಳ್ಲೇನ್ರಿ? ಮನ್ಯಾಗ ಲೈಟಿನ ಬಟನ್ ಸುದ್ದಾ ಎರಡೆರಡು ಸಲ ನೋಡೋರು ಅವ್ರು. ಡಬ್ಬಿ ಹೆಂಗ ತಪ್ಪಿದ್ರು?"

"ಆಗ್ತದವ್ವಾ. ಮನುಷ್ಯ ಅಂದ ಮ್ಯಾಲ ಒಮ್ಮೆ ಮರೀತಾನ" ಎಂದೆ, ಅವಳ ಮುಖ ನೋಡದೆ.

"ನನಗ ಗೊತ್ತದ್ರಿ" ಎಂದಳು. ದನಿ ಸಣ್ಣದಾಗಿತ್ತು. "ಅವತ್ತು ಮುಂಜಾನಿ ನಾ ಜಗಳ ತಗದಿದ್ದೆ. ಯಾಪಲದಿನ್ನಿಗಿ, ನನ್ನ ತವರಿಗಿ, ಕಳಸಲಿಲ್ಲಂತ ಬಾಯಿಗಿ ಬಂದಂಗ ಅಂದೆ. ರೊಟ್ಟಿ ಮುಟ್ಟಲಾರದ ಹಂಗ ಎದ್ದು ಹೋದ್ರು. ನನ್ನಿಂದನೇ ತಲಿ ಕೆಟ್ಟು ಡಬ್ಬಿ ತಪ್ಪಿದ್ರು. ನಾನೇ ಕೊಂದೆ ರೀ ಅವರನ್ನ. ಯಾರಿಗೂ ಹೇಳಿಲ್ಲ, ನಿಮಗ ಹೇಳಾಕತ್ತೀನಿ."

ಇಷ್ಟು ದಿನ ಇವಳು ಇದನ್ನು ಎದೆಯಲ್ಲಿಟ್ಟುಕೊಂಡು ಗುಡಿಸುತ್ತಿದ್ದಳೇ? ಅವನಿಗೆ ಕೊಟ್ಟ ಮಾತು ಅವನ ಜೊತೆ ಹೋಗಲಿ, ಇವಳಾದರೂ ಉಸಿರಾಡಲಿ ಎನಿಸಿತು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವನ ಚೀಲದಲ್ಲಿ ಮೂರೂ ಫ್ಯೂಜು ಇದ್ದದ್ದು, ಅವು ಸರಿಯಾದ ಡಬ್ಬಿಯವೇ ಆಗಿದ್ದದ್ದು, ತಂತಿ ಸುತ್ತಿದವನು ಯಾರು, ಅವಳ ಗಂಡ ಬಾಗಿಲು ಮುಚ್ಚಿಸಿ ನನ್ನಿಂದ ಮಾತು ತೆಗೆದುಕೊಂಡದ್ದು ಯಾಕೆ, ಎಲ್ಲ.

"ಅಂದ್ರ ಅವ್ರು ತಪ್ಪಿರಲಿಲ್ಲ" ಎಂದಳು.

"ಇಲ್ಲವ್ವಾ. ಒಂದು ಕೂದಲೆಳಿಯಷ್ಟೂ ತಪ್ಪಿರಲಿಲ್ಲ."

ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳಲಿ, ಹಗುರಾಗುತ್ತಾಳೆ ಎಂದು ನಾನು ಬೆನ್ನು ಸವರುತ್ತ ಕೂತೆ. ನಾನು ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ ಕೂಡ. ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು ಕೇಳಿದಳು.

"ನನ್ನ ಎರಡೂ ಮಕ್ಕಳನ್ನ ದಿನಾ ಸಾಲಿಗಿ ಬಿಟ್ಟು ಬರೂದು ಅವನೇ ರೀ ಮೇಡಂ. ಮಾಮಾ ಅಂದ್ರ ಜೀವ ಬಿಡ್ತಾವ. ನಾಳಿ ಮುಂಜಾನಿ ಅವ ಬಾಗಿಲ ಮುಂದ ಬಂದು ಹಾರ್ನ್ ಹೊಡದ್ರ ನಾ ಏನ್ ಮಾಡ್ಲಿ?"

ಜೀಪಿನವನು ಕರೆಯುತ್ತಿದ್ದ. ಎದ್ದು ಬಂದೆ.

ಮುಂದಿನ ವಾರ ಪಂಪಿನ ಮೋಟರು ಸುಟ್ಟಿದೆ ಎಂದು ಮುಂಜಾನೆಯೇ ದೇವದುರ್ಗಕ್ಕೆ ಹೋಗಬೇಕಾಯಿತು. ಅವಳು ಗೇಟಿನ ಹತ್ತಿರ ಗುಡಿಸುತ್ತಿದ್ದಳು. ಪಂಪಿನವನ ಬೈಕು ಬಂತು. ಚಿಕ್ಕದು ಮುಂದೆ ಟ್ಯಾಂಕಿನ ಮೇಲೆ, ದೊಡ್ಡದು ಹಿಂದೆ ಅವನ ಹೊಟ್ಟೆ ತಬ್ಬಿ ಕೂತಿತ್ತು. ಅವಳು ಪೊರಕೆ ಬದಿಗಿಟ್ಟು ಹೋಗಿ ಚಿಕ್ಕದರ ಅಂಗಿಯ ಗುಂಡಿ ಹಾಕಿದಳು. "ಅಣ್ಣಾ, ನಿಧಾನಕ ಹೋಗ್ರಿ" ಎಂದಳು. ಆತ ತಲೆಯಾಡಿಸಿದ. ಅವನ ಕೂದಲು ಒಂದೇ ವರ್ಷದಲ್ಲಿ ಪೂರ್ತಿ ಬೆಳ್ಳಗಾಗಿದ್ದನ್ನು ನಾನು ಅವತ್ತು ನೋಡಿದೆ. ಬೈಕು ರಸ್ತೆಗೆ ತಿರುಗುವ ತನಕ ಅವಳು ಅಲ್ಲೇ ನಿಂತಿದ್ದಳು.

"ಹೆಂಗಿದ್ದೀಯವ್ವಾ?" ಎಂದು ಕೇಳಿದೆ.

ಅವಳು ಪೊರಕೆ ಎತ್ತಿಕೊಂಡಳು. "ನನ್ನ ಜಗಳದಿಂದ ಹೋದ್ರು ಅನ್ನೂದೇ ಛಲೋ ಇತ್ರಿ ಮೇಡಂ" ಎಂದಳು. "ಅದನ್ನ ಇಟ್ಕೊಂಡು ಹೆಂಗೋ ನಿದ್ದಿ ಮಾಡ್ತಿದ್ದೆ."