ತಂಗಿ ನಾಟಕ ಮಾಡುತ್ತಿರಲಿಲ್ಲ

ಮೊನ್ನೆ ಮೊಣಕಾಲಿಗೆ ಹಚ್ಚಿಕೊಳ್ಳಲು ನೀಲಗಿರಿ ಎಣ್ಣೆ ತಂದೆ. ನಲವತ್ತು ದಾಟಿದ ಮೇಲೆ ಕುಂತು ಏಳುವಾಗ ನಾನೂ ಅವ್ವನನ್ನು ಕರೆಯುವವಳಾಗಿದ್ದೇನೆ, ನಗಬೇಡಿ. ಮುಚ್ಚಳ ತೆರೆದದ್ದೇ ತಡ, ಆ ವಾಸನೆ ದಾಂಡೇಲಿಯ ಅಂಬೇವಾಡಿಯ ನಮ್ಮ ಎರಡು ಕೋಣೆಯ ಮನೆಗೆ ಎಳೆದೊಯ್ದಿತು. ಅಲ್ಲಿ ಇದೇ ವಾಸನೆಯ ಹಾಸಿಗೆಯಲ್ಲಿ ತಂಗಿ ಶೈಲಾಳ ಪಕ್ಕ ಮಲಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನನಗೆ ಹದಿನೇಳು, ಅವಳಿಗೆ ಹದಿಮೂರು. ಮೊದಲು ಕುತ್ತಿಗೆ ನೋವು ಎಂದಳು, ಆಮೇಲೆ ಬೆನ್ನು, ತೊಡೆ, ಮೊಣಕೈ. ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದಳು. ಡಾಕ್ಟರೊಬ್ಬರು ಕೀಲುಗಳ ಜ್ವರ ಇರಬಹುದೆಂದು ಮೂರು ವಾರಕ್ಕೊಂದು ಪೆನ್ಸಿಲಿನ್ ಸೂಜಿ ಬರೆದರು. ರಕ್ತದಲ್ಲಿ ಏನೂ ಸಿಗಲಿಲ್ಲ, ಸೂಜಿ ಮಾತ್ರ ನಿಲ್ಲಲಿಲ್ಲ. ಅವಳ ಪಾಲಿನ ನೀರು, ಕಸ, ಮುಸುರಿ ನನ್ನ ತಲೆಗೆ ಬಂದವು. ನನ್ನ ಸಿಟ್ಟಿಗೆ ಅಷ್ಟು ಸಾಕಾಗಿತ್ತು.

ಒಂದು ಮಧ್ಯಾಹ್ನ ಅವಳು ಗೆಳತಿಯರೊಡನೆ ಕುಂಟದೆ, ನಗುತ್ತ ಬರುವುದನ್ನು ಕಂಡೆ. ಆ ನೋವು ಒಂದು ದಿನ ಇಳಿದು ಮರುದಿನ ಏರುವಂಥದ್ದೆಂದು ನನಗೇನು ಗೊತ್ತು? ಅಪ್ಪ ಮನೆಗೆ ಬಂದದ್ದೇ ಹೇಳಿದೆ: “ಅಕಿಗೆ ಏನೂ ಆಗಿಲ್ಲಪ್ಪಾ, ನಾಟಕ ಮಾಡ್ತಾಳ. ನಾ ಕಣ್ಣಾರ ನೋಡೇನಿ.”

ಮರುದಿನದಿಂದ ಅಪ್ಪ ಅವಳನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಡುವುದು ನಿಲ್ಲಿಸಿದ. “ನಡಕೋತ ಹೋಗು. ನಿನ್ನ ಆಟ ನಾನ ನೋಡೇನಿ” ಎಂದ. ನನ್ನ ಹೆಸರು ಎತ್ತಲಿಲ್ಲ. ನಾನೂ ಸುಮ್ಮನಿದ್ದೆ. ಬಂಗೂರನಗರದ ಶಾಲೆಯ ತನಕ ಪಾಟಿಚೀಲ ಹೊತ್ತು ನಡೆದಳು. ನಾಲ್ಕನೆಯ ದಿನ ರಸ್ತೆಬದಿ ಕುಸಿದಳು. ಯಾರೋ ರಿಕ್ಷಾದಲ್ಲಿ ಮನೆಗೆ ತಂದು ಬಿಟ್ಟರು. ಆಮೇಲೆ ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಒಂದೂವರೆ ವರ್ಷ ಗೋಡೆಗೆ ಮುಖ ಮಾಡಿ ಮಲಗಿದಳು.

ಕೊನೆಗೆ ಅವ್ವ ಹುಬ್ಬಳ್ಳಿಯ ಬೇರೊಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ನಾನೂ ಹೋಗಿದ್ದೆ. ಅವರು ರಿಪೋರ್ಟುಗಳನ್ನು ಬದಿಗಿಟ್ಟು, “ಸರಿಯಾಗಿ ನಿದ್ದಿ ಮಾಡಿ ಎಷ್ಟು ದಿನಾತವ್ವಾ?” ಎಂದು ಕೇಳಿದರು. ಅಲ್ಲಿಯತನಕ ಯಾರೂ ಕೇಳಿರದ ಪ್ರಶ್ನೆ. ಶೈಲಾ ಬಿಕ್ಕಿದಳು. ಕುತ್ತಿಗೆ, ಭುಜ, ಮೊಣಕಾಲಿನ ಒಳಬದಿ, ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಲ್ಲೆಲ್ಲ ಮೈ ಹಿಂಡಿಕೊಂಡಳು. ಫೈಬ್ರೊಮಯಾಲ್ಜಿಯ ಎಂಬ ಹೆಸರು ನಾವು ಮೊದಲ ಸಲ ಕೇಳಿದ್ದು ಆಗ. “ರಿಪೋರ್ಟಿನಾಗ ಕಾಣೂದಿಲ್ಲ. ಆದ್ರ ನೋವು ಖರೇನ ಐತಿ” ಎಂದರು. ಸೂಜಿ ನಿಲ್ಲಿಸಿದರು. ನಿದ್ದೆಗೊಂದು ಸಣ್ಣ ಗುಳಿಗೆ ಕೊಟ್ಟು, ದಿನಾ ಹತ್ತು ನಿಮಿಷ ನಡೆಸಿರಿ, ವಾರವಾರ ತುಸು ಹೆಚ್ಚಿಸಿರಿ ಎಂದರು. “ಸಾಲಿ ಮಾತ್ರ ಬಿಡಸಬ್ಯಾಡ್ರಿ.” ಬಿಡಿಸಿ ಆಗಿತ್ತು.

ಅಂದಿನಿಂದ ಅಪ್ಪ ದಿನಾ ಸಂಜೆ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದ. ನೋವು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಅವಳು ಮಾತ್ರ ಅವನೊಡನೆ ಮತ್ತೆ ಮಾತಾಡಲಿಲ್ಲ.

ಅಪ್ಪ ಹೋಗಿ ಆರು ವರ್ಷ. ಶೈಲಾ ಮುಂಡಗೋಡ ಹತ್ತಿರದ ಚಿಗಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮೊನ್ನೆ ಸಂಜೆಯೇ ಫೋನ್ ಹಚ್ಚಿ, ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿದೆ: “ಅಪ್ಪ ತಾನ ನೋಡಿದ್ದಲ್ಲ ಶೈಲಾ. ಅವಗ ಹೇಳಿದಾಕಿ ನಾನು.”

“ಸಾಯೂತನಕ ಅಪ್ಪ ನಿನ್ನ ಹೆಸರು ಹೇಳ್ಲಿಲ್ಲಕ್ಕಾ” ಎಂದಳು. “ನಾ ಅವನ ಬಾಯಾಗ ನೀರು ಬಿಡಾಕೂ ಹೋಗಲಿಲ್ಲ.”

ಫೋನ್ ಇಟ್ಟಳು. ಮತ್ತೆ ಹಚ್ಚಿದರೆ ಎತ್ತುತ್ತಿಲ್ಲ. ನಾಳೆ ಬೆಳಿಗ್ಗೆ ಮುಂಡಗೋಡದ ಬಸ್ಸು ಹತ್ತುತ್ತೇನೆ. ಹೊಸ್ತಿಲ ಹೊರಗೇ ನಿಲ್ಲಿಸಿದರೂ ಸರಿ, ನಿಂತು ಬರುತ್ತೇನೆ.