ಬಗ್ಗದ ಕೈಗೊಬ್ಬ ಡಾಕ್ಟರು

ಕೈ ಮುರಿದುಕೊಂಡ ಮರುದಿನ ಮಧ್ಯಾಹ್ನ ನನ್ನ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಐದು ರಾಗಿಮುದ್ದೆಗಳು ಸಾಲಾಗಿ ಕೂತಿದ್ದವು. ಐದು ಮನೆಯವರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ತಂದಿಟ್ಟು ಹೋದದ್ದು. ಸಿಂದಗಿ ಕಡೆಯ ನನ್ನವರೇ ಕೇಳಿ, ನಿಮ್ಮಂತೆ ಜೋಳದ ರೊಟ್ಟಿ ಉಂಡು ಬೆಳೆದ ನಾನು ಎಡಗೈಯಲ್ಲಿ ಮುದ್ದೆ ಮುರಿಯಲು ಹೋದೆ. ಅದು ಜಾರಿ ಬಸ್ಸಾರಿನಲ್ಲಿ ಮುಳುಗಿತು. ಬಸ್ಸಾರೆಂದರೆ ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ಸಾರು. ಅದರ ಅರ್ಧ ನನ್ನ ಸೀರೆಗೆ ಸಂದಿತು.

ಶಾಲೆಯ ಕೆಲಸ ಸಿಕ್ಕಿ ಅರಕಲಗೂಡಿಗೆ ಒಬ್ಬಳೇ ಬಂದು ಆಗಿನ್ನೂ ಎಂಟು ತಿಂಗಳು. ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು. ಮನೆಯ ಮಾಲಕಿ ಜಯಮ್ಮ ಅಂದಿನಿಂದ ನನ್ನನ್ನು ಒಂದು ಲೋಟ ಎತ್ತಲೂ ಬಿಡಲಿಲ್ಲ. ತಲೆ ಬಾಚಿದರು, ಬಟ್ಟೆ ಒಗೆದರು, ಮುದ್ದೆಯನ್ನು ಗೋಲಿಯಷ್ಟು ಗಾತ್ರಕ್ಕೆ ಮುರಿದು ತಟ್ಟೆಯಲ್ಲಿಟ್ಟರು. ಬೇಡವೆಂದರೆ "ನಾನಿಲ್ವಾ, ಬುಡಿ ಅತ್ಲಾಗೆ" ಎನ್ನುತ್ತಿದ್ದರು. ನಮ್ಮಲ್ಲೂ ನೆರೆಯವರು ನೆರವಾಗುತ್ತಾರೆ, ಆದರೆ ಕೇಳಿ ನೆರವಾಗುತ್ತಾರೆ. ಇಲ್ಲಿ ಕೇಳುವುದೇ ಅವಮಾನ.

ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮಾತ್ರ ಮಡಚುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದರೆ ನೆಲಕ್ಕೆ ಬೀಳುತ್ತಿತ್ತು. ರಜೆ ಮುಗಿಯುತ್ತಾ ಬಂದಿತ್ತು. ಊರಿನಿಂದ ಅವ್ವ ದಿನಾ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು: "ಕೈ ನೆಟ್ಟಗಾಗಲಿಲ್ಲಂದ್ರ ಕೆಲಸ ಬಿಟ್ಟು ಬಂದ್ ಬಿಡವ್ವ. ಅಲ್ಲಿ ನಿನಗ್ಯಾರ ಅದಾರ?" ಹಾಗೆ ಸೋತು ಹೋಗುವುದು ನನಗೆ ಬೇಕಿರಲಿಲ್ಲ. ಬರೆಯುವ ಕೈ ಹೋದರೆ ಮಾತ್ರ ಬೇರೆ ದಾರಿಯೂ ಇರಲಿಲ್ಲ.

ಇಲ್ಲಿ ಡಾಕ್ಟರನ್ನು ಯಾರೂ ಬೋರ್ಡು ನೋಡಿ ಹುಡುಕುವುದಿಲ್ಲ, ನೆಂಟಸ್ತಿಕೆ ಹಿಡಿದು ಹುಡುಕುತ್ತಾರೆ. ಜಯಮ್ಮನ ತಮ್ಮ ಹೇಳಿದ ಅಂತ ಅರಕಲಗೂಡಿನಲ್ಲೇ ಒಬ್ಬರ ಹತ್ತಿರ ಎಣ್ಣೆ ತಿಕ್ಕಿಸಿಕೊಂಡೆ. ಜಯಮ್ಮನ ನಾದಿನಿ ಹೇಳಿದಳು ಅಂತ ಹೊಳೆನರಸೀಪುರಕ್ಕೆ ಹೋದೆ. ಅಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಮೂಳೆ ಚೆನ್ನಾಗಿದೆ ಎಂದು ನನಗಿಂತ ಹೆಚ್ಚು ಸಂತೋಷಪಟ್ಟರು. ಚನ್ನರಾಯಪಟ್ಟಣದಲ್ಲಿ ಜಯಮ್ಮನ ಬೀಗರ ಪರಿಚಯದವರು ಕೈಗೆ ಶಾಖ ಕೊಟ್ಟರು, ಊಟ ಹಾಕದೆ ಕಳಿಸಲಿಲ್ಲ. ಒಂದು ಕೈಗಾಗಿ ಅರ್ಧ ಜಿಲ್ಲೆಯ ಬೀಗರನ್ನೆಲ್ಲ ಕಂಡುಬಂದೆ, ಬೆರಳು ಮಾತ್ರ ಹಾಗೇ ಇತ್ತು.

ಕೊನೆಗೆ ದಾರಿ ಹೇಳಿದ್ದು ಆ ಶಾಖ ಕೊಟ್ಟವರೇ. "ಆಸನದಲ್ಲಿ ಒಬ್ರು ಲೇಡಿ ಡಾಕ್ಟ್ರವ್ರೆ. ಮಾತ್ರೆ ಕಮ್ಮಿ, ಮಾತು ಜಾಸ್ತಿ. ಅವ್ರುನ್ನೇ ನೋಡಿ." ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಎಂಬ ಉದ್ದನೆಯ ಹೆಸರನ್ನು ನಾನು ಮೊದಲು ಓದಿದ್ದು ಹಾಸನದ ಆ ಬಾಗಿಲ ಮೇಲೆ. ಕಾಯಿಲೆಯೋ ಪೆಟ್ಟೋ ಕಿತ್ತುಕೊಂಡ ಕೆಲಸವನ್ನು ಮೈಗೆ ಮತ್ತೆ ಕಲಿಸುವ ವೈದ್ಯವಿದ್ಯೆ ಅದು.

ಆ ಡಾಕ್ಟರು ಎಕ್ಸ್‌ರೇ ಪಕ್ಕಕ್ಕಿಟ್ಟು ಕೇಳಿದರು: "ಈ ಕೈಯಿಂದ ನಿಮಗೆ ಏನೇನು ಕೆಲಸ ಆಗಬೇಕು?"

ಅಷ್ಟು ಓಡಾಟದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. "ಬೋರ್ಡಿನ ಮ್ಯಾಲೆ ಬರೀಬೇಕ್ರಿ. ಮತ್ತ ರೊಟ್ಟಿ ಬಡೀಬೇಕ್ರಿ" ಎಂದೆ. ಬಡಿಯುವುದೆಂದರೆ ಹೇಗೆಂದು ಅವರಿಗೆ ತಿಳಿಯಲಿಲ್ಲ. ಎಡಗೈಯಲ್ಲಿ ಅವರ ಮೇಜು ಬಡಿದು ತೋರಿಸಿದೆ. ಹೊರಗೆ ಕೂತಿದ್ದವರು ಒಳಗೆ ಇಣುಕಿದರು.

"ಮನೆಕೆಲಸ ಯಾರು ಮಾಡ್ತಾರೆ?"

ಜೊತೆಗೆ ಬಂದಿದ್ದ ಜಯಮ್ಮ ಹೆಮ್ಮೆಯಿಂದ ಮುಂದೆ ಬಂದರು. "ನಾನೇ ಕಣ್ ಮೇಡಂ. ಒಂದ್ ಲೋಟನೂ ಎತ್ತಕ್ಕೆ ಬುಟ್ಟಿಲ್ಲ."

"ಅದರಿಂದಲೇ ಬೆರಳು ಇಷ್ಟು ಬಿಗಿದಿರೋದು ಅಮ್ಮ. ಇನ್ಮೇಲೆ ನೀವು ನೋಡ್ತಾ ಕೂತ್ಕೋಬೇಕು, ಕೈ ಹಾಕಬಾರದು."

ವಾಪಸು ಬಸ್ಸಿನಲ್ಲಿ ಜಯಮ್ಮ ಮೆಲ್ಲಗೆ, "ನಿಮ್ ಕೈ ನಾನೇ ಕೆಡಿಸ್ಬುಟ್ನೇನೋ ಟೀಚರಮ್ಮ" ಎಂದರು. ನಾನು ಬಿಗಿದ ಬಲಗೈಯನ್ನೇ ಅವರ ತೊಡೆಯ ಮೇಲಿಟ್ಟು ಕೂತೆ.

ಡಾಕ್ಟರ ಚೀಟಿ ಕೊಟ್ಟು ರಜೆ ಮುಂದುವರಿಸಿಕೊಂಡೆ. ಮರುದಿನದಿಂದ ಬಿಸಿನೀರಲ್ಲಿ ಕೈ ಅದ್ದಿ, ಬೆರಳು ಮಡಚಿ, ಹಿಟ್ಟು ನಾದುವುದು ನನ್ನ ಪಾಲಿನ ಔಷಧ. ನೋಡುತ್ತಾ ಕೂರುವುದು ಜಯಮ್ಮನ ಪಾಲಿನ ಶಿಕ್ಷೆ. ಪಾತ್ರೆ ಜಾರಿದಾಗೆಲ್ಲ ಅವರು ಅರ್ಧ ಏಳುವರು, ಡಾಕ್ಟರ ಮಾತು ನೆನೆದು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂರುವರು. "ನನ್ ಕೈಗೇ ನೋವಾಯ್ತದೆ ಕಣಮ್ಮ" ಎನ್ನುವರು. ನಾನು ನೋವಿನಲ್ಲೂ ನಗುತ್ತಿದ್ದೆ.

ಎರಡನೇ ತಿಂಗಳಲ್ಲಿ, ಅವ್ವ ಕಳಿಸಿದ್ದ ಜೋಳದ ಹಿಟ್ಟಿನಲ್ಲಿ ಒಂದು ರೊಟ್ಟಿ ಹರಿಯದೆ ದುಂಡಗೆ ಬಂತು. ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಏನು ಬಿತ್ತೆಂದು ಓಡಿ ಬಂದರು. ಜಯಮ್ಮ ಅದನ್ನು ಬಸ್ಸಾರಿಗೆ ಅದ್ದಿ ತಿಂದು, "ವಸಿ ಗಟ್ಟಿ. ಆದ್ರೂ ಬಾಯಿಗೆ ಸೇರ್ತದೆ" ಎಂದು ತೀರ್ಪು ಕೊಟ್ಟರು. ಸೋಮವಾರ ಶಾಲೆಗೆ ಹೋಗಿ ಬೋರ್ಡಿನ ತುಂಬ ಬರೆದೆ. ಅಕ್ಷರ ಸೊಟ್ಟಗಿದ್ದರೂ ಮಕ್ಕಳು ಒಂದೂ ತಪ್ಪಿಲ್ಲದೆ ಓದಿದರು.

ಈಗ ನಮ್ಮ ಜಿಲ್ಲೆಗೆ ವರ್ಗಾವಣೆ ಕೇಳುವ ಅವಕಾಶ ಬಂದಿದೆ. ಅವ್ವನ ಆಸೆ ಇಂದಿಗೂ ಅದೇ, ಮತ್ತು ಈಗ ಹೋದರೆ ಸೋತು ಹೋದಂತಲ್ಲ. ನಿನ್ನೆ ಸಂಜೆ ಜಗುಲಿಯಲ್ಲಿ ಕೂತು ಅರ್ಜಿ ತುಂಬುತ್ತಿದ್ದೆ. ಜಯಮ್ಮನಿಗೆ ಓದು ಬರುವುದಿಲ್ಲ. ಕಾಫಿ ತಂದಿಟ್ಟು, ನನ್ನ ಬೆರಳುಗಳನ್ನೇ ನೋಡುತ್ತಾ ನಿಂತರು. "ಬರೀರಿ ಬರೀರಿ. ಎಷ್ಟ್ ಚೆಂದಾಗಿ ಓಡ್ತದೆ ಈಗ" ಎಂದರು.

ಅರ್ಜಿ ತುಂಬಿ ಮುಗಿದಿದೆ. ಸಹಿಯ ಜಾಗವೊಂದು ಖಾಲಿ ಉಳಿದಿದೆ. ಕೈಗಂತೂ ಈಗ ಯಾವ ತೊಂದರೆಯೂ ಇಲ್ಲ.